ಬೆವರು ನಿಂತ ಮೈ

ಕಂಪ್ಲಿ ಕೋಟೆಯ ಹಿಂದಿನ ಗರಡಿಮನೆಗೆ ಹೋಗುವವರೆಲ್ಲ ಮೊದಲು ಹುಲುಗಮ್ಮನ ಕೈಗೆ ಬೆನ್ನು ಕೊಡಬೇಕಾಗಿತ್ತು. ಬಾಗಿಲಿನ ಎದುರಿಗೆ, ಬೇವಿನ ಮರದ ಬುಡದಲ್ಲಿ, ಮಣ್ಣಿನ ಕೊಡ ಇಟ್ಟುಕೊಂಡು ಆಕೆ ಕೂತಿರುತ್ತಿದ್ದಳು. "ಬಾ ಇಲ್ಲಿ. ಜ್ವರ ಬಂದಿತ್ತೇನು? ಉಂಡು ಎಷ್ಟೊತ್ತಾತು?" ಎಂದು ಕೇಳಿ, ಬೆನ್ನಿನ ಮೇಲೆ ಅಂಗೈ ಇಟ್ಟು ನೋಡಿ, ಒಂದು ತಂಬಿಗೆ ನೀರು ಕುಡಿಸಿಯೇ ಒಳಗೆ ಬಿಡುತ್ತಿದ್ದಳು. ಸಾಮು ಮುಗಿಸಿ ಹೊರಗೆ ಬಂದಾಗ ಮತ್ತೆ ಅದೇ ಅಂಗೈ. ಬೆನ್ನು ಒದ್ದೆಯಾಗಿದ್ದರೆ "ಹೋಗು" ಅನ್ನುವಳು. ಒಣಗಿದ್ದರೆ ಬಿಡುತ್ತಿರಲಿಲ್ಲ. ನೆರಳಲ್ಲಿ ಕೂರಿಸಿ ಬೈಯುತ್ತಾ ನೀರು ಕುಡಿಸುವಳು.

ನಾನು ಶಾಲೆಯ ಮಾಸ್ತರ. ಕುರ್ಚಿಯಲ್ಲಿ ಕೂತು ಕೂತು ಹೊಟ್ಟೆ ಬೆಳೆಸಿದ್ದೆ. ಹೊಸಪೇಟೆಯ ವೈದ್ಯರು "ಇನ್ನಾದರೂ ಮೈ ಬಗ್ಗಿಸಿ" ಎಂದು ಹೇಳಿದ ಮೇಲೆ ಗರಡಿಯ ದಾರಿ ಹಿಡಿದೆ. ಮೊದಲ ದಿನ ಹುಲುಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಸ್ತರ, ನೀವು ಪೈಲ್ವಾನ ಆಗೂದು ಬ್ಯಾಡ. ಮೆಟ್ಟಲಾ ಹತ್ತಿದ್ರ ಏದುಸುರು ಬರಬಾರದು, ಅಷ್ಟಾದ್ರ ಸಾಕು. ದಿನಾ ಸ್ವಲ್ಪ ಮಾಡ್ರಿ, ಹಟ ಮಾಡಬ್ಯಾಡ್ರಿ" ಅಂದಳು. ಒಬ್ಬ ಹೆಂಗಸು ಬೀದಿಯಲ್ಲಿ ನನ್ನ ಬೆನ್ನು ಮುಟ್ಟಿ ನೋಡುವುದು ನನಗೆ ಮೊದಮೊದಲು ಮುಜುಗರವಾಗುತ್ತಿತ್ತು. ಆಕೆಯ ಕಥೆ ತಿಳಿದ ಮೇಲೆ ನಾನೇ ಅಂಗಿ ಬಿಚ್ಚಿ ಎದುರಿಗೆ ನಿಲ್ಲುತ್ತಿದ್ದೆ.

ಆಕೆಯ ಗಂಡ ತಾಯಪ್ಪ ಬೆಲ್ಲದ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವನು. ಹೊರೆ ಹೊತ್ತು ಹೊತ್ತು ಗಟ್ಟಿಯಾದ ಮೈ. ನಗುಮೊಗದ ಮನುಷ್ಯ, ಹೆಂಡತಿ ನೀರಿಗೆ ಹೋದರೆ ಅವಳ ಕೊಡವನ್ನೂ ತಾನೇ ಹೊತ್ತು ತಂದು ಓಣಿಯವರಿಂದ ನಗಿಸಿಕೊಳ್ಳುತ್ತಿದ್ದನಂತೆ. ಗರಡಿಯ ವಸ್ತಾದ ಜಡೆಪ್ಪನ ಕಣ್ಣು ಅವನ ಮೇಲೆ ಬಿತ್ತು. ಆ ವರ್ಷ ಸಂಡೂರಿನಲ್ಲಿ ದೊಡ್ಡ ಕುಸ್ತಿ. ಗೆದ್ದವನಿಗೆ ಬೆಳ್ಳಿಯ ಕಡಗ. ತಾಯಪ್ಪನನ್ನು ಕಳಿಸಿಯೇ ತೀರುತ್ತೇನೆಂದು ಜಡೆಪ್ಪ ಪಟ್ಟು ಹಿಡಿದ.

ಜಡೆಪ್ಪನ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ಬೇರೆ ಕಡೆ ಇತ್ತೋ ಇಲ್ಲವೋ ನನಗೆ ತಿಳಿಯದು. ದೊಡ್ಡ ಕುಸ್ತಿಗೆ ಹೋಗುವವನಿಗೆ ಬೇಸಿಗೆಯ ನಡುಮಧ್ಯಾಹ್ನ ಕರಿ ಕಂಬಳಿ ಹೊದಿಸಿ, ಬಾಗಿಲು ಮುಂದೆ ಮಾಡಿ, ಕೆಮ್ಮಣ್ಣಿನ ಕಣದಲ್ಲಿ ಬಸ್ಕಿ ಹೊಡೆಸುತ್ತಿದ್ದರು. ಹೊತ್ತು ಇಳಿಯುವ ತನಕ ಗುಟುಕು ನೀರಿಲ್ಲ. ಮೊದಮೊದಲು ಬೆವರು ಧಾರೆಧಾರೆಯಾಗಿ ಇಳಿಯುತ್ತದೆ. ಯಾವತ್ತೋ ಒಂದು ದಿನ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಆ ದಿನ ಮೈ ಕಲ್ಲಾಯಿತು ಎಂದು ಹಿಗ್ಗಿ ಹಣಮಪ್ಪನ ಗೂಡಿನ ಮುಂದೆ ಕಾಯಿ ಒಡೆಯುತ್ತಿದ್ದರು. ಇದು ಜಡೆಪ್ಪ ಬರಿದೇ ಹುಟ್ಟಿಸಿದ್ದಲ್ಲ. ಪ್ರಾಯದಲ್ಲಿ ಅವನಿಗೇ ಹಾಗೆ ಬೆವರು ನಿಂತಿತ್ತಂತೆ. ಕಣ್ಣು ಕತ್ತಲಿಟ್ಟು ಅಂಗಳಕ್ಕೆ ಬಿದ್ದಾಗ ಆನೆಕಲ್ಲು ಮಳೆ ಸುರಿದು, ಅದರಲ್ಲೇ ನೆನೆದು ಎದ್ದ. ಅದೇ ವರ್ಷ ಸಂಡೂರಿನಲ್ಲಿ ಗೆದ್ದು ಬಂದ. ಮಳೆಯನ್ನು ಪುಣ್ಯಾತ್ಮ ಮರೆತೇಬಿಟ್ಟ. ಬೆವರು ನಿಂತದ್ದನ್ನು ಮಾತ್ರ ನೆನಪಿಟ್ಟುಕೊಂಡ. ಇಂಥ ನೆನಪನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಇನ್ನೊಂದು ಕಟ್ಟಳೆಯೂ ಇತ್ತು. ಹೆಂಗಸು ಗರಡಿಯ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಆ ಸಲ ಹೋಗುವ ಪೈಲ್ವಾನ ಸೋತು ಬರುತ್ತಾನೆ.

ವೈಶಾಖದ ಬಿಸಿಲು. ಮುಂಜಾನೆ ಪೇಟೆಯಲ್ಲಿ ಹೊರೆ, ಮಧ್ಯಾಹ್ನ ಗರಡಿಯಲ್ಲಿ ಕಂಬಳಿ. ತಾಯಪ್ಪನ ನಗು ಕಡಿಮೆಯಾಯಿತು. ಉಂಡದ್ದು ದಕ್ಕುತ್ತಿರಲಿಲ್ಲ. ಒಂದು ಮುಂಜಾನೆ ಹುಲುಗಮ್ಮ ನೀರಿನ ತಂಬಿಗೆ ಮುಂದಿಟ್ಟರೆ ತಳ್ಳಿಬಿಟ್ಟ.

"ಬಾಯಾರಿಕಿನ ಆಗವಲ್ದು ಹುಲುಗಿ. ಮೈ ಗಟ್ಟಿಯಾಗಾಕ ಹತ್ತೈತಿ" ಅಂದ.

"ಇವತ್ತೊಂದಿನ ಬ್ಯಾಡ. ನನಗ ಯಾಕೋ ಅಂಜಿಕಿ ಆಗತೈತಿ" ಅಂದಳು ಆಕೆ.

"ಸಂಡೂರಿಂದ ಬಂದಮ್ಯಾಲ ಕಡಗ ನಿನ್ನ ಕೈಗೇ ಹಾಕ್ತೀನಿ, ಸುಮ್ಮನಿರು" ಎಂದು ಹೊರಟುಹೋದ. ಆ ಮಾತಿಗೆ ಆಕೆ ನಕ್ಕಳಂತೆ. ಹಾಗೆ ನಕ್ಕದ್ದನ್ನು ನನಗೆ ಹೇಳುವಾಗ ತನ್ನ ಬಾಯಿಯನ್ನು ತಾನೇ ಸೆರಗಿನಿಂದ ಒರೆಸಿಕೊಂಡಳು.

ಮಧ್ಯಾಹ್ನ ರೊಟ್ಟಿಯ ಗಂಟು, ಮಜ್ಜಿಗೆಯ ತಂಬಿಗೆ ಹಿಡಿದು ಗರಡಿಯ ಬಾಗಿಲಿಗೆ ಬಂದಳು. ಬೇವಿನ ಮರದಲ್ಲಿ ಒಂದು ಕಾಗೆಯೂ ಕೂಗುತ್ತಿರಲಿಲ್ಲ. ಒಳಗೆ ಕಾಯಿ ಒಡೆದ ಸದ್ದು ಕೇಳಿತು, ಹಿಂದೆಯೇ ಗಂಡಸರ ಕೇಕೆ. ಬೆವರು ನಿಂತಿದೆ ಎಂದು ಆಕೆಗೆ ಗೊತ್ತಾಯಿತು. ಊರಿನವರಿಗೆಲ್ಲ ಆ ಕಾಯಿಯ ಅರ್ಥ ಗೊತ್ತಿತ್ತು. ಬಾಗಿಲ ಸಂದಿಯಿಂದ ಗಂಡನ ದನಿ ಬಂತು.

"ಯವ್ವಾ, ಎತ್ತು ಬಿಚ್ಚೀಯೇನು? ಎತ್ತು ಬಿಸಲಾಗ ನಿಂತಾವು ನೋಡು."

ತಾಯಪ್ಪನ ತಾಯಿ ಸತ್ತು ವರ್ಷಗಳಾಗಿದ್ದವು. ಅವರ ಮನೆಯಲ್ಲಿ ಎತ್ತು ಎಂದೂ ಇರಲಿಲ್ಲ.

ಹುಲುಗಮ್ಮ ಬಾಗಿಲು ದೂಡಿದಳು. ಹೊರಗಿನ ಬೆಳಕಿಗೆ ಒಳಗೆಲ್ಲ ಕತ್ತಲೆಯಾಗಿ ಕಂಡಿತು. ಯಾರು ಎಲ್ಲಿದ್ದಾರೆಂದು ತಿಳಿಯಲಿಲ್ಲ. ಹೊಸ್ತಿಲ ಹೊರಗೇ ನಿಂತು, "ಯಣ್ಣಾ, ಅವರು ಏನೇನೋ ಮಾತಾಡಾಕ ಹತ್ಯಾರ. ಹೊರಗ ಕಳಸು. ಇಲ್ಲಂದ್ರ ನಾನ ಬರ್ತೀನಿ" ಎಂದು ಕೂಗಿದಳು.

ಜಡೆಪ್ಪ ಕತ್ತಲೆಯಿಂದಲೇ, "ದಣದಾನ, ಅಷ್ಟ. ಅಲ್ಲೇ ನಿಲ್ಲು. ನೀ ಕಾಲಿಟ್ಟಿ ಅಂದ್ರ ನಿನ್ನ ಗಂಡ ಸಂಡೂರಾಗ ಸೋತು ಬರ್ತಾನ, ನೆನಪಿಟ್ಕ" ಅಂದ.

ಆಕೆ ಕಾಲು ಎತ್ತಿದ್ದಳು. ಮತ್ತೆ ಕೆಳಗಿಟ್ಟಳು. ಗಂಡ ಸೋತು ತಲೆ ತಗ್ಗಿಸಿ ಬರುವುದು ಕಣ್ಣ ಮುಂದೆ ಬಂತಂತೆ. ತನ್ನಿಂದ ಹಾಗಾಗಬಾರದು ಎಂದು ಮಜ್ಜಿಗೆಯ ತಂಬಿಗೆಯನ್ನು ಎದೆಗೆ ಅವುಚಿಕೊಂಡು ನಿಂತಳು. ಸ್ವಲ್ಪ ಹೊತ್ತಿಗೆ ಒಳಗೆ ಧೊಪ್ಪೆಂದು ಸದ್ದಾಯಿತು. ಆಮೇಲೆ ಯಾರೂ ಕೇಕೆ ಹಾಕಲಿಲ್ಲ.

ಕಂಬಳಿಯ ಸಮೇತ ಹೊರಗೆ ತಂದು ಬೇವಿನ ಬುಡದಲ್ಲಿ ಮಲಗಿಸಿದರು. ಹುಲುಗಮ್ಮ ಗಂಡನ ಬೆನ್ನಿನ ಕೆಳಗೆ ಕೈ ಹಾಕಿದಳು. ಒಲೆಯ ಮೇಲಿನ ಹೆಂಚಿನಂತೆ ಸುಡುತ್ತಿತ್ತು. ಹನಿ ಪಸೆ ಇರಲಿಲ್ಲ. ಹೊತ್ತು ಮುಳುಗುವ ಮೊದಲೇ ತಾಯಪ್ಪ ತೀರಿಕೊಂಡ.

ಊರು ಏನು ಅಂತು ಗೊತ್ತೇ? ಹೆಂಗಸು ಹೊಸ್ತಿಲ ತನಕ ಬಂದದ್ದಕ್ಕೇ ಹೀಗಾಯಿತು ಅಂತು. ಆಕೆಯ ನೆರಳು ಕಣಕ್ಕೆ ಬಿದ್ದಿತ್ತಂತೆ. ಜಡೆಪ್ಪನೂ ಅದನ್ನು ಅಲ್ಲಗಳೆಯಲಿಲ್ಲ. ಗಂಡನನ್ನು ಮಣ್ಣು ಮಾಡಿ ಬಂದವಳ ಮೇಲೆ ಇಂಥ ಮಾತು ಹೊರಿಸಿದ ಬಾಯಿಗಳಿಗೆ ಹುಳ ಬೀಳಲಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ. ಹುಲುಗಮ್ಮ ಅಳಲಿಲ್ಲ, ಜಗಳವಾಡಲೂ ಇಲ್ಲ. ಸೂತಕದ ದಿನಗಳು ಮುಗಿದ ಮೇಲೆ ಕೊಡ ತಂದು ಬೇವಿನ ಬುಡದಲ್ಲಿ ಕೂತಳು. ಬೀದಿ ಯಾರಪ್ಪನ ಸ್ವತ್ತೂ ಅಲ್ಲವಾದ್ದರಿಂದ ಎಬ್ಬಿಸಲು ಜಡೆಪ್ಪನಿಗೆ ದಾರಿ ಇರಲಿಲ್ಲ. ಹುಡುಗರು ಮೊದಲು ಗೇಲಿ ಮಾಡಿದರು, ಆಮೇಲೆ ಕದ್ದು ಕುಡಿದರು, ಕೊನೆಗೆ ಸಾಲು ನಿಂತು ಕುಡಿದರು. ಕೂಲಿ ಮಾಡಿ ಹೊಟ್ಟೆ ಹೊರೆಯುತ್ತಾ ಸಾಮಿನ ಹೊತ್ತಿಗೆ ತಪ್ಪದೆ ಅಲ್ಲಿಗೆ ಬರುತ್ತಿದ್ದಳು. ನಾನು ಸೇರುವ ಹೊತ್ತಿಗೆ ಆಕೆಯ ತಲೆ ಬೆಳ್ಳಗಾಗಿತ್ತು. ಅಷ್ಟು ವರ್ಷವೂ ಜಡೆಪ್ಪ ಆ ಕೊಡದ ನೀರು ಮುಟ್ಟಿರಲಿಲ್ಲ.

ಆಮೇಲೆ ಮತ್ತೆ ಸಂಡೂರಿನ ಕುಸ್ತಿಯ ಸುದ್ದಿ ಬಂತು. ಈ ಸಲ ಜಡೆಪ್ಪ ಆರಿಸಿದ್ದು ತನ್ನ ಒಬ್ಬನೇ ಮಗನನ್ನು, ಗವಿಸಿದ್ದಪ್ಪನನ್ನು. ಕೊಡದ ಮುಂದೆ ಹಾದುಹೋಗಬಾರದೆಂದು ಮಗನನ್ನು ಗರಡಿಯೊಳಗೇ ಉಳಿಸಿಕೊಂಡ. ಊಟ, ನಿದ್ದೆ ಎಲ್ಲ ಅಲ್ಲೇ. ಕರಿ ಕಂಬಳಿ ಮತ್ತೆ ಹೊರಗೆ ಬಂತು.

ಹುಲುಗಮ್ಮ ಒಳಗೆ ಹೋಗುವ ನನ್ನನ್ನು ತಡೆದು, "ಮಾಸ್ತರ, ಆ ಹುಡುಗನ ಬೆನ್ನು ನನ್ನ ಕೈಗೆ ಸಿಗವಲ್ದು. ನೀವು ಮುಟ್ಟಿ ನೋಡ್ರಿ" ಅನ್ನುತ್ತಿದ್ದಳು. ನಾನು ಹೊರಗೆ ಬಂದು, "ತೊಯ್ದು ತೊಪ್ಪೆಯಾಗಿದಾನ" ಅನ್ನುತ್ತಿದ್ದೆ. ಆಕೆ ಉಸಿರು ಬಿಟ್ಟು ಬೇರೆಯವರ ಕಡೆ ತಿರುಗುವಳು. ಆದರೂ ದಿನದಿಂದ ದಿನಕ್ಕೆ ಆ ಪ್ರಶ್ನೆ ಕೇಳುವಾಗ ಆಕೆಯ ದನಿ ಸಣ್ಣದಾಗುತ್ತಿತ್ತು.

ಶಾಲೆಗೆ ಬೇಸಿಗೆ ರಜೆ. ಒಂದು ಮಧ್ಯಾಹ್ನ ನಾನು ಒಳಗಿದ್ದೆ. ಗವಿಸಿದ್ದಪ್ಪ ಬಸ್ಕಿ ಹೊಡೆಯುತ್ತಾ ಕಣದ ಅಂಚಿಗೆ ವಾಲಿದ. ಹಿಡಿದು ನಿಲ್ಲಿಸಲು ಹೋಗಿ ಕಂಬಳಿಯ ಒಳಗೆ ಕೈ ಹಾಕಿದೆ. ಬೆನ್ನು ಒಣಗಿತ್ತು. ಅಂಗೈ ಸುಟ್ಟಂತಾಯಿತು.

"ವಸ್ತಾದ್ರ, ಕಂಬಳಿ ತಗೀರಿ! ನೀರು ಕೊಡ್ರಿ!" ಎಂದು ಕಿರುಚಿದೆ.

ಜಡೆಪ್ಪ ಮಗನ ಬೆನ್ನು ಸವರಿ ನೋಡಿದ. ಅವನ ಮುಖ ಅರಳಿತು. ಆ ಮುಖವನ್ನು ನಾನು ಮರೆಯಲಾರೆ. ಮಗನ ಮದುವೆಯಲ್ಲೂ ಅಪ್ಪ ಅಷ್ಟು ಹಿಗ್ಗುವುದಿಲ್ಲ. "ಮೈ ಕಲ್ಲಾತು!" ಅಂದವನೇ ಹಣಮಪ್ಪನ ಮುಂದೆ ಕಾಯಿ ಒಡೆದ. ನಾನು ಕಂಬಳಿ ಎಳೆಯಲು ಹೋದರೆ ಇಬ್ಬರು ಪೈಲ್ವಾನರು ನನ್ನ ರಟ್ಟೆ ಹಿಡಿದರು. ಗವಿಸಿದ್ದಪ್ಪ ನಮ್ಮನ್ನೆಲ್ಲ ಗುರುತು ಸಿಗದವನಂತೆ ನೋಡಿ, ಸುಮ್ಮಸುಮ್ಮನೆ ನಕ್ಕು, ಮೊಣಕಾಲೂರಿ ಬಿದ್ದ.

ಬಾಗಿಲು ಧಡಾರನೆ ತೆರೆಯಿತು. ಕಾಯಿಯ ಸದ್ದು ಬೇವಿನ ಮರಕ್ಕೆ ಮುಟ್ಟಿತ್ತು. ಹುಲುಗಮ್ಮ ಸೊಂಟದಲ್ಲಿ ಕೊಡ ಇಟ್ಟುಕೊಂಡು ಹೊಸ್ತಿಲಲ್ಲಿ ಬಂದು ನಿಂತಿದ್ದಳು.

ಜಡೆಪ್ಪ ಕೈ ಎತ್ತಿ, "ನಿಲ್ಲು, ಹುಲುಗಿ! ಒಳಗ ಬರಬ್ಯಾಡ!" ಎಂದು ಗುಡುಗಿದ.

"ಒಮ್ಮೆ ನಿಂತೀನಿ" ಅಂದಳು. ಹೊಸ್ತಿಲು ದಾಟಿದಳು.

ಯಾರೂ ಅಲುಗಲಿಲ್ಲ. ಆಕೆ ನೇರ ಕಣಕ್ಕೆ ಇಳಿದು, ಕಂಬಳಿ ಕಿತ್ತೊಗೆದು, ಇಡೀ ಕೊಡವನ್ನು ಹುಡುಗನ ನೆತ್ತಿಯ ಮೇಲೆ, ಎದೆಯ ಮೇಲೆ ಸುರಿದಳು. ಕೆಮ್ಮಣ್ಣು ಕೆಸರಾಯಿತು. ಕೊಡ ಪಕ್ಕಕ್ಕೆ ಉರುಳಿಸಿ, "ಏನು ನೋಡ್ತೀರಲೇ! ಎತ್ರಿ, ಕಾಲುವಿಗೆ ಹೊರ್ರಿ! ಯಣ್ಣಾ, ಇವ ನಿನ್ನ ಮಗ!" ಎಂದು ಚೀರಿದಳು.

ಆ ಕೊನೆಯ ಮಾತಿಗೆ ಜಡೆಪ್ಪ ಬೆದರಿ ಎಚ್ಚರಾದ. ಮೊದಲು ಮಗನ ತೋಳಿಗೆ ಕೈ ಹಾಕಿದವನು ಅವನೇ. ಎಲ್ಲರೂ ಸೇರಿ ಹೊತ್ತುಕೊಂಡು ಓಡಿ ಗರಡಿಯ ಹಿಂದಿನ ಕಾಲುವೆಯಲ್ಲಿ ಕುತ್ತಿಗೆಯ ತನಕ ಇಳಿಸಿದೆವು. ಜಡೆಪ್ಪ ನೀರಿನಲ್ಲಿ ನಿಂತು ಮಗನ ತಲೆಯನ್ನು ತನ್ನ ಎದೆಗೆ ಒರಗಿಸಿ ಹಿಡಿದಿದ್ದ. ಎಷ್ಟೋ ಹೊತ್ತಾದ ಮೇಲೆ ಗವಿಸಿದ್ದಪ್ಪ ಕಣ್ಣು ತೆರೆದು, "ಅಪ್ಪಾ, ಚಳಿ" ಅಂದ. ಜಡೆಪ್ಪ ದಡದಲ್ಲಿ ಕೂತಿದ್ದ ಹುಲುಗಮ್ಮನ ಕಡೆ ಒಮ್ಮೆ ನೋಡಿದ. ಮುಖ ತಗ್ಗಿಸಿ ಕಾಲುವೆಯ ನೀರಿನಲ್ಲೇ ಅತ್ತ.

ಹುಲುಗಮ್ಮನ ಕೊಡ ಗರಡಿಯಲ್ಲೇ ಉಳಿದಿತ್ತು. ಅದನ್ನು ತರಲು ಆಕೆಯ ಜೊತೆ ನಾನೂ ಹೋದೆ. ಒಳಗೆ ಯಾರೂ ಇರಲಿಲ್ಲ. ಬಾಗಿಲು ಪೂರ್ತಿ ತೆರೆದಿದ್ದರಿಂದ ಬಿಸಿಲು ಕಣದ ತನಕ ಬಿದ್ದಿತ್ತು. ಆಕೆ ಕೊಡ ಎತ್ತಿಕೊಂಡು, ಕೆಸರಾದ ಕಣದಲ್ಲಿ ನಿಂತು ಹೊಸ್ತಿಲನ್ನು ನೋಡಿದಳು. ಮತ್ತೆ ಕಣವನ್ನು ನೋಡಿದಳು. ಕೈ ಚಾಚಿದರೆ ಬಾಗಿಲ ಚೌಕಟ್ಟು ಸಿಗುವ ಹಾಗಿತ್ತು.

"ಮಾಸ್ತರ, ಅವತ್ತು ಕತ್ತಲಾಗಿ ಕಾಣಲಿಲ್ಲರಿ. ಭಾಳ ಒಳಗ ಅದಾರ ಅನ್ಕೊಂಡಿದ್ದೆ" ಅಂದಳು. "ಇಷ್ಟ ದೂರ ಇತ್ತೇನು?"

ಆಕೆ ಬಂದು ಹೊಸ್ತಿಲ ಮೇಲೆ ಕೂತಳು. ಗಂಡ ಸತ್ತಾಗ ಅಳದಿದ್ದವಳು, ಖಾಲಿ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು, ಹೊತ್ತು ಮುಳುಗುವ ತನಕ ಅತ್ತಳು.