ಮುಗಿಲಿನಿಂದ ಇಳಿದದ್ದನ್ನು ಕಾಯುವ ಶಮಶುದ್ದೀನ

ಬೆಳಕು ಹರಿಯುವ ಹೊತ್ತು. ಮೋರಟಗಿ ಊರಾಚೆಯ ತೊಗರಿ ಹೊಲದಲ್ಲಿ ಜನ ನೆರೆದಿದ್ದಾರೆ. ಮುಗಿಲಿನಿಂದ ಇಳಿದ ಕೆಂಪು ಪ್ಯಾರಾಚೂಟ್ ವಿದ್ಯುತ್ ತಂತಿಗೆ ಸಿಕ್ಕಿದೆ. ಅದರ ಕೆಳಗೆ ಪೆಟ್ಟಿಗೆಯೊಂದು ತೂಗಾಡುತ್ತಿದೆ. ಬಾಂಬ್ ಇರಬೇಕೆಂದು ಕೆಲವರು ಹಿಂಜರಿದರೆ, ಜೋತುಬಿದ್ದ ಹಗ್ಗ ಜಗ್ಗಲು ಕೆಲವರು ಮುನ್ನುಗ್ಗುತ್ತಾರೆ. ಜೀಪಿನಿಂದ ಜಿಗಿದ ಶಮಶುದ್ದೀನ ಎರಡೂ ತೋಳು ಚಾಚಿ ಅಡ್ಡ ನಿಲ್ಲುತ್ತಾರೆ.

"ಬಾಂಬ್ ಅಲ್ರಿ. ಆದ್ರ ಮುಟ್ಟಿದ್ರ ಜೀವ ಹೋಗ್ತೈತಿ. ಕರೆಂಟ್ ತಗಸೂತನಕ ಹಿಂದ ಸರೀರಿ!"

ದೂರದ ಸಂಶೋಧನಾ ಕೇಂದ್ರದವರು ಹಾರಿಬಿಡುವ ಬಲೂನುಗಳು ಗಾಳಿಗೆ ತೇಲಿ ಇಂಡಿ, ಸಿಂದಗಿ, ಮುದ್ದೇಬಿಹಾಳದ ಹೊಲಗಳಲ್ಲಿ ಇಳಿಯುತ್ತವೆ. ಅವು ಹೊತ್ತೊಯ್ದ ಉಪಕರಣದ ಪೆಟ್ಟಿಗೆ ಹುಡುಕಿ ತರುವುದು ಶಮಶುದ್ದೀನರ ಕೆಲಸ. ಬಲೂನು ಹಾರಿದ ದಿನವಷ್ಟೇ ಕೂಲಿ.

ಇವತ್ತು ಜೊತೆಗೆ ಬಂದಿರುವ ವಿಜ್ಞಾನಿ ಪ್ರಜ್ಞಾ, ಬಸವನ ಬಾಗೇವಾಡಿಯ ಮಗಳು. ಉತ್ತರ ಧ್ರುವದ ಆಕಾಶದಲ್ಲಿ ಬಣ್ಣದ ಬೆಳಕು ಮೂಡುವಾಗ ಎಕ್ಸ್‌ರೇಗಳೂ ಹೊಮ್ಮುತ್ತವೆ; ಆಕೆಯ ಅಧ್ಯಯನ ಅವುಗಳದೇ. ಬಲೂನಿನವರೆಗೆ ಇಳಿಯುವಷ್ಟರಲ್ಲಿ ಅವು ಗಾಳಿಯ ಕಣಗಳಿಗೆ ಬಡಿದು ದಿಕ್ಕು ತಪ್ಪುತ್ತವೆ, ಕಸುವು ಕಳೆದುಕೊಳ್ಳುತ್ತವೆ, ಕೆಲವು ದಾರಿಯಲ್ಲೇ ಇಂಗಿಹೋಗುತ್ತವೆ. ಗಾಳಿ ಎಷ್ಟು ಚದುರಿಸುತ್ತದೆಂದು ತಿಳಿಯದಿದ್ದರೆ ಅವು ಎಲ್ಲಿಂದ ಹೊರಟವೆಂದು ಹೇಳಲಾಗದು. ಉಪಕರಣವನ್ನು ಧ್ರುವದ ಕಡೆ ಒಯ್ಯುವ ಮುನ್ನ ಆ ಚದುರುವಿಕೆಯನ್ನೇ ಇಲ್ಲಿನ ಆಕಾಶದಲ್ಲಿ ಅಳೆದು ನೋಡಿದ್ದಾರೆ. ಅಳತೆಯೆಲ್ಲ ಪೆಟ್ಟಿಗೆಯೊಳಗೇ ಇದೆ.

"ಗಾಳಿ ಜೋರಾಗಾಕತ್ತೈತಿ, ಕಾಕಾ. ಬಿದಿರು ಹಚ್ಚಿ ಹಗೂರಕ ಇಳಸೋಣು. ಬಿದ್ರ ಎಲ್ಲಾ ಹಾಳಾಗ್ತೈತಿ," ಎನ್ನುತ್ತಾಳೆ ಪ್ರಜ್ಞಾ.

"ಬಿದ್ರ ಬೀಳಲಿ ಬಿಡವ್ವ."

ಹೋದ ವರ್ಷ ಇಂಡಿ ಹತ್ತಿರ ಹೀಗೇ ಪೆಟ್ಟಿಗೆ ತಂತಿಗೆ ಸಿಕ್ಕಿತ್ತು. "ಲೈನ್ ಬಂದ್ ಐತಿ ಅಂತ ಯಾರೋ ಅಂದ್ರು. ಗುರಣ್ಣ ಹಗ್ಗ ಹಿಡದ. ಒದರಾಕೂ ಆಗಲಿಲ್ರಿ ಅವಗ," ಎನ್ನುತ್ತಾರೆ ಶಮಶುದ್ದೀನ. ಜೊತೆಗಾರ ಗುರುನಾಥ ಹೋದದ್ದು ಹಾಗೆ. ಆ ಪೆಟ್ಟಿಗೆ ಮಾತ್ರ ಒಂದು ಗೀರೂ ಇಲ್ಲದೆ ಕೇಂದ್ರ ಸೇರಿತು.

ಲೈನ್‌ಮನ್ ದಾರಿಯಲ್ಲಿರುವಾಗಲೇ ಗಾಳಿ ಬೀಸುತ್ತದೆ. ಪ್ಯಾರಾಚೂಟ್ ಹರಿದು, ಪೆಟ್ಟಿಗೆ ಬದುವಿನ ಕಲ್ಲಿಗೆ ಅಪ್ಪಳಿಸುತ್ತದೆ. ಪ್ರಜ್ಞಾ ಮಣ್ಣಿನಲ್ಲಿ ಕುಳಿತು ಚೂರುಗಳನ್ನು ಆಯುತ್ತಾಳೆ. ಫೋನಿನಲ್ಲಿ ಮೇಲಧಿಕಾರಿಯ ದನಿ ಪಕ್ಕದಲ್ಲಿ ನಿಂತವರಿಗೂ ಕೇಳುತ್ತದೆ: "ಇನ್ನು ಮುಂದೆ ಆ ಮನುಷ್ಯನನ್ನು ಕರೆಯಬೇಡಿ." ಶಮಶುದ್ದೀನ ಪ್ಯಾರಾಚೂಟಿನ ಚಿಂದಿ ಮಡಚಿ ಜೀಪಿಗೆ ಹಾಕುತ್ತಾರೆ.

ಮಧ್ಯಾಹ್ನ ಇಂಡಿಯಲ್ಲಿ ಗುರುನಾಥನ ಹೆಂಡತಿ ಶೆಟ್ಟೆವ್ವನ ಮನೆ ಮುಂದೆ ಜೀಪು ನಿಲ್ಲುತ್ತದೆ. ಆಕೆ ನೀರಿನ ಚರಿಗೆ ಹಿಡಿದು ಬರುತ್ತಾಳೆ.

"ಪೆಟ್ಟಿಗಿ ಸಿಕ್ತೇನೋ, ತಮ್ಮಾ?"

"ಒಡದು ಹೋತ್ರಿ ವೈನಿ." ಶಮಶುದ್ದೀನ ನೀರು ಕುಡಿದು ಚರಿಗೆ ಕೆಳಗಿಡುತ್ತಾರೆ. "ಮಂದಿ ಎಲ್ಲಾ ಮನಿ ಮುಟ್ಟಿದ್ರು."