ಹಗೇವಿನ ಮೇಲಿನ ಜಮಖಾನೆ

ಢಬ್, ಢಬ್. ನನ್ನ ತವರುಮನೆಯ ಪಡಸಾಲೆಯಲ್ಲಿ ಯಾರು ನಡೆದರೂ ನೆಲ ಹಾಗೆ ಸದ್ದು ಮಾಡುತ್ತಿತ್ತು. ಅದರಡಿ ಹಗೇವು. ಜೋಳ ತುಂಬಿಡಲು ಹಿರಿಯರು ಆಳವಾಗಿ ತೋಡಿಸಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿ ಸಾರಿಸಿದ ಗುಂಡಿ. ಜೋಳ ಖಾಲಿಯಾಗಿ ಒಂದು ತಲೆಮಾರು ಕಳೆದರೂ ಗುಂಡಿ ಹಾಗೇ ಇತ್ತು. ಮಳೆ ಹಿಡಿದರೆ ಇಂಥವು ಇದ್ದಕ್ಕಿದ್ದಂತೆ ಕುಸಿಯುತ್ತವೆ. ಪಕ್ಕದ ಓಣಿಯಲ್ಲಿ ಒಂದು ಎಮ್ಮೆ ಗೂಟದ ಸಮೇತ ಒಳಗೆ ಹೋಗಿದ್ದನ್ನು ಊರೇ ನೋಡಿದೆ. ನೋಡಿ ಏನು ಯೂಸು!

ಒಂದು ಮಳೆಗಾಲ ಡಿಸಾಸ್ಟರ್ ರಿಸ್ಕ್ ಅಸೆಸ್‌ಮೆಂಟ್ ಎಂದು ಇಬ್ಬರು ಹುಡುಗಿಯರು ಮುಂಡರಗಿ ಕಡೆಯ ಹೊಳೆಸಾಲಿನ ಊರುಗಳನ್ನು ಮುಗಿಸಿ ನಮ್ಮ ಶಿಗ್ಲಿಗೆ ಬಂದರು. ಅವರ ಇಂಗ್ಲಿಷನ್ನು ಕನ್ನಡ ಮಾಡಿ ಹೇಳಲು ನಾನು, ರಿಟೈರ್ಡ್ ಟೀಚರ್, ಗದಗಿನಿಂದ ಬಸ್ಸು ಹತ್ತಿದೆ. ಪಂಚಾಯಿತಿ ಅಂಗಳದಲ್ಲಿ ರಂಗೋಲಿಯಿಂದ ಊರಿನ ನಕ್ಷೆ ಬರೆಸಿ, ಅಪಾಯ ಇರುವಲ್ಲಿ ಕೆಂಪು ಪುಡಿ ಹಾಕಿ ಎಂದರು. ಅವರು ಓದಿದ ಅಪಾಯಗಳ ಪಟ್ಟಿಯಲ್ಲಿ ಸುನಾಮಿಯೂ ಇತ್ತು.

"ಸುನಾಮಿ ಅಂದ್ರ ಏನ್ರಿ ಟೀಚರ್?" ಒಬ್ಬ ಕೇಳಿದ.

"ಸಮುದ್ರ ಊರೊಳಗ ನುಗ್ಗೋದು."

"ನುಗ್ಗಲಿ ಬಿಡ್ರಿ. ನಳಾ ಬಂದು ವಾರಾತು."

ಹಳ್ಳಕ್ಕೆ ಕೆಂಪು ಬಿತ್ತು. ಶಾಲೆಯ ಸೋರುವ ಮಾಳಿಗೆಗೆ ಬಿತ್ತು. ಆಗದವರ ಮನೆಗಳಿಗೆ ಧಾರಾಳವಾಗಿ ಬಿತ್ತು. ತಮ್ಮ ಮನೆಗೆ ಮಾತ್ರ ಒಬ್ಬರೂ ಹಾಕಲಿಲ್ಲ. ಇರುವ ಮನೆಗೆ ಕೆಟ್ಟದ್ದು ನುಡಿಯಬಾರದಂತೆ! ಆನೆಸ್ಟ್ಲಿ, ಇವರಿಗೆ ಏನು ಹೇಳುವುದು? ನಾನೇ ಚಿಟಿಕೆ ಕೆಂಪು ಹಿಡಿದು ನಮ್ಮ ಮನೆಯ ಕಡೆ ಬಗ್ಗಿದೆ. ವೈನಿ ನನ್ನ ಕೈ ಹಿಡಿದರು. ತೀರಿಹೋದ ನನ್ನಣ್ಣನ ಹೆಂಡತಿ. ಮಗ, ಸೊಸೆ, ಮೊಮ್ಮಕ್ಕಳೊಡನೆ ಆ ಮನೆಯಲ್ಲಿದ್ದವರು.

"ಹಗೇವಿದ್ದ ಮನಿತನ ಅಂತ ಮುಳಗುಂದದವರು ನಮ್ಮ ಹಿರಿ ಮೊಮ್ಮಗಳನ್ನ ಕೇಳಾಕ ಬರಾಕತ್ತಾರ. ನೀ ಅದನ್ನ ಕುಣಿ ಅಂತ ಸಾರತಿ?"

"ವೈನಿ, ಸಣ್ಣ ಮಕ್ಕಳು ಅದರ ಮ್ಯಾಲ ಮಲಗತಾವ್ರಿ!"

"ನಿಮ್ಮಪ್ಪಾರೂ ಅಲ್ಲೇ ಮಲಗತಿದ್ರು. ನುಂಗಿತೇನು?"

ಮುಳಗುಂದದವರು ಬಂದದ್ದು ಬಿಡದ ಜಿಟಿಜಿಟಿ ಮಳೆಯಲ್ಲಿ. ವೈನಿ ಜಮಖಾನೆ ಹಾಸಿದ್ದು ಸರಿಯಾಗಿ ಚಪ್ಪಡಿಯ ಮೇಲೆ. ಹುಡುಗನ ಅಪ್ಪ ಒಳ್ಳೆ ಮೈಕಟ್ಟಿನವರು, ನಟ್ಟನಡುವೆ ಕುಳಿತರು. ಪಕ್ಕದಲ್ಲಿ ಅವರಿಗಿಂತ ದಪ್ಪ ತಮ್ಮ. ಮೈ ಗಾಡ್!

"ಒಳಗ ಬರ್ರಿ, ಅಡಗಿಮನ್ಯಾಗ ಬೆಚ್ಚಗೈತಿ" ಎಂದೆ.

"ಬೀಗರನ್ನ ಒಲಿ ಮುಂದ ಕುಂಡ್ರಸ್ತಾರೇನವಾ? ಗದಗಿನ ರೀತಿನ ಬ್ಯಾರೆ ನೋಡ್ರಿ" ಎಂದು ವೈನಿ ನಕ್ಕರು. ಬಂದವರೂ ಮೈ ಕುಲುಕಿಸಿ ನಕ್ಕರು. ಅವರು ನಕ್ಕಷ್ಟೂ ನನ್ನ ಜೀವ ಬಾಯಿಗೆ ಬಂತು. ಅವಲಕ್ಕಿ ಆಯಿತು, ಚಹಾ ಆಯಿತು, ಮತ್ತೊಂದು ಚಹಾ ಆಯಿತು. ಏಳುವ ಜನವೇ ಅಲ್ಲ. ಕೊನೆಗೂ ಹುಡುಗಿ ಒಪ್ಪಿಗೆಯಾದಳು ಎಂದು ಹೇಳಿ ಎದ್ದರು.

ಅವರು ಹೋದ ಮೇಲೆ ವೈನಿ ಜಮಖಾನೆ ಎತ್ತಿದರು. ಚಪ್ಪಡಿಯ ಒಂದು ಅಂಚು ಕೆಳಗಿಳಿದು, ಕೈ ತೂರುವಷ್ಟು ಸಂದು ಬಿಟ್ಟಿತ್ತು. ಸಂದಿನೊಳಗೆ ಮಣ್ಣು ಇನ್ನೂ ಸುರಿಯುತ್ತಿತ್ತು. ವೈನಿ ಮಕ್ಕಳ ಹಾಸಿಗೆಗಳನ್ನು ತಾವೇ ಹೊತ್ತು ಅಡುಗೆಮನೆಗೆ ಹಾಕಿದರು. ಆದರೆ ಮದುವೆ ಮುಗಿಯುವವರೆಗೂ ಹಗೇವು ಮುಟ್ಟಗೊಡಲಿಲ್ಲ, ಹಠಮಾರಿ!

ಮದುವೆಯಾದ ವರ್ಷವೇ ಚಳಿಗಾಲದಲ್ಲಿ ಜ್ವರ ಬಂದು ವೈನಿ ಹೋಗಿಬಿಟ್ಟರು. ನಾನು ಅವರನ್ನು ಕಡೆಯ ಸಲ ನೋಡಿದ್ದು ಅದಕ್ಕೂ ಮೊದಲು, ಹಗೇವಿಗೆ ಸುರಿಯಲು ತರಿಸಿದ ಗರಸು ಮಣ್ಣಿನ ಟ್ರ್ಯಾಕ್ಟರ್ ಬಾಗಿಲಲ್ಲಿ ನಿಂತಿದ್ದ ದಿನ. ಎದುರುಮನೆಯಾಕೆ ಏನು ನಡೆದಿದೆ ಎಂದು ಕೇಳಿದಳು.

"ಟೈಲ್ಸ್ ಹಾಕಸಾಕತ್ತೀವಿ. ನಮ್ಮ ನೆಲ ಗದಗಿನವ್ರ ಕಾಲಿಗೆ ಚುಚ್ಚತೈತಂತ" ಎಂದು ವೈನಿ ನನ್ನತ್ತ ಬೆರಳು ತೋರಿಸಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಹೂಂ ಎಂದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಗರಸಿನ ಮೇಲೆ ನಿಂತು ಟ್ರ್ಯಾಕ್ಟರಿನವನಿಗೆ ಕೂಗಿದರು: "ಲೇ, ಕಂಜೂಸತನಾ ಮಾಡಬ್ಯಾಡ! ಇನ್ನೊಂದು ಹೇರು ತಾ, ಗಚ್ಚಂಗ ತುಂಬು!"