ಬಟ್ಟೆ ಅಂಗಡಿಯ ಬೋರ್ಡು

ರಜೆ ಬಂದರೆ ಎಲ್ಲಿಗೆ ಹೋಗಬೇಕೆಂದು ನಮ್ಮ ಮನೆಯಲ್ಲಿ ತೀರ್ಮಾನಿಸುವವಳು ನಾನೇ. ಉಳಿದವರಿಗೆ ಬಿಟ್ಟರೆ ಮಾತಿನಲ್ಲೇ ರಜೆ ಮುಗಿದುಹೋಗುತ್ತದೆ. ಆ ಭಾನುವಾರ ನಾನು ಆರಿಸಿದ್ದು ಹಳೆಯ ಬೋರ್ಡುಗಳ ಮ್ಯೂಸಿಯಂ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಯಾರೋ ಪುಣ್ಯಾತ್ಮರು ಅಂಗಡಿ, ಹೋಟೆಲು, ಟಾಕೀಸುಗಳ ಹಳೇ ಬೋರ್ಡುಗಳನ್ನೆಲ್ಲ ಒಂದು ಗೋದಾಮಿನಲ್ಲಿ ಕೂಡಿಹಾಕಿದ್ದಾರೆಂದು ಕೇಳಿದ್ದೆ.

“ಟಿಕೀಟ್ ತಗೊಂಡು ಬೋರ್ಡ್ ನೋಡಾಕ ಹೋಗಬೇಕೇನು? ಬಸ್‌ಸ್ಟ್ಯಾಂಡಿನಾಗ ನಿಂತ್ರ ಪುಕ್ಕಟ ಕಾಣ್ತಾವಲ್ಲ,” ಎಂದರು ಅಪ್ಪ. ಹಾಗೆಂದವರೇ ಎಲ್ಲರಿಗಿಂತ ಮೊದಲು ಇಸ್ತ್ರಿ ಅಂಗಿ ಹಾಕಿಕೊಂಡು ಕಾರಿನ ಮುಂದಿನ ಸೀಟು ಹಿಡಿದು ಕೂತರು.

ಸಂಡೂರಿನಿಂದ ಹೊರಟೆವು. ಗಾಡಿ ಓಡಿಸುತ್ತಿದ್ದವರು ನನ್ನ ಗಂಡ. ಹಿಂದೆ ಅವ್ವ, ನಾನು, ನನ್ನ ಹತ್ತು ವರ್ಷದ ಮಗಳು. ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡು ಗುಡ್ಡ ದಾಟುವಷ್ಟರಲ್ಲಿ ಬೆಳಿಗ್ಗೆ ತೊಳೆದ ಬಿಳಿ ಕಾರು ಕೆಂಪಗಾಗಿತ್ತು. ದಾರಿಯಲ್ಲಿ ಬೇವಿನ ಮರದ ಕೆಳಗೆ ನಿಲ್ಲಿಸಿ ಅವ್ವನ ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ಗೋದಾಮಿನೊಳಗೆ ತಂಪಾಗಿತ್ತು. ಸೋಡಾ ಬಾಟಲಿಯ ಬೋರ್ಡು, ಹೊಲಿಗೆ ಮಷೀನಿನ ಬೋರ್ಡು, ಪೌಡರ್ ಡಬ್ಬಿ ಹಿಡಿದು ನಗುವ ಹೆಂಗಸಿನ ಬೋರ್ಡು. ಅವ್ವ ಆ ಹೆಂಗಸಿನ ಸೀರೆಯ ಅಂಚನ್ನೇ ನೋಡುತ್ತ ನಿಂತಳು. ಅಪ್ಪ ಮಾತ್ರ ಪ್ರತಿಯೊಂದು ಬೋರ್ಡಿಗೂ ಪರೀಕ್ಷಕರಂತೆ ಮಾರ್ಕು ಕೊಡುತ್ತ ಮುಂದೆ ಮುಂದೆ ನಡೆದಿದ್ದರು. ಮೂಲೆ ತಿರುಗಿದವರು ಹಾಗೇ ನಿಂತುಬಿಟ್ಟರು.

ಎದುರಿಗೆ ಉದ್ದನೆಯ ತಗಡಿನ ಬೋರ್ಡು. ನೀಲಿ ಬಣ್ಣದ ಮೇಲೆ ಹಳದಿ ಅಕ್ಷರ. ನನ್ನ ಅಜ್ಜನ ಹೆಸರು, ಅದರ ಕೆಳಗೆ ‘ಅಂಡ್ ಸನ್ಸ್, ಬಟ್ಟೆ ವ್ಯಾಪಾರಿಗಳು, ಸಂಡೂರು’.

ಅಪ್ಪ ಚಪ್ಪಲಿ ಕಳಚಿದರು. ಹೆಗಲ ಮೇಲಿನ ಟವೆಲ್ ತೆಗೆದು ಬೋರ್ಡು ಒರೆಸಲು ಕೈಯೆತ್ತಿದರು.

“ಮುಟ್ಟಬ್ಯಾಡ್ರಿ ಯಜಮಾನ್ರ,” ಎಂದಳು ಅಲ್ಲಿನ ಕಾವಲಿನ ಹೆಂಗಸು.

“ಧೂಳ ಒರಸ್ತೀನವ್ವ,” ಎಂದರು ಅಪ್ಪ. ಅಲ್ಲಿ ಒಂದು ಕಣ ಧೂಳಿರಲಿಲ್ಲ. ಸಂಡೂರಿನಲ್ಲಿ ಅದಿರಿನ ಧೂಳು ಬೋರ್ಡಿನ ಮೇಲೆ ಕೂರುತ್ತಿತ್ತು. ಪ್ರತಿ ಶುಕ್ರವಾರ ಅಪ್ಪ ಏಣಿ ಹತ್ತಿ ಒರೆಸುವುದು, ಕಾಕ ಕೆಳಗೆ ಏಣಿ ಹಿಡಿಯುವುದು. ಅಜ್ಜನ ಕಾಲದಿಂದಲೂ ಅದೇ ಪದ್ಧತಿ.

ಕಾಕ ಎಂದರೆ ಅಪ್ಪನ ಒಬ್ಬನೇ ತಮ್ಮ. ಅಜ್ಜ ತೀರಿಕೊಂಡ ಮೇಲೆ ಅಂಗಡಿ ಪಾಲಾಯಿತು. ಬಟ್ಟೆಯ ಥಾನುಗಳು, ಗಾಜಿನ ಕಪಾಟುಗಳು ಒಂದು ಮಾತೂ ಹೆಚ್ಚುಕಡಿಮೆಯಾಗದೆ ಹಂಚಿಹೋದವು. ಬೋರ್ಡನ್ನು ಮಾತ್ರ ಕತ್ತರಿಸಲು ಬರುವಂತಿರಲಿಲ್ಲ. ನನಗೆ ಬೇಕು, ನನಗೆ ಬೇಕು ಎಂದು ಇಬ್ಬರೂ ವಾರಗಟ್ಟಲೆ ಜಗಳಾಡಿದರು. ಒಂದು ಬೆಳಿಗ್ಗೆ ನೋಡಿದರೆ ಹಿತ್ತಲಲ್ಲಿ ಒರಗಿಸಿಟ್ಟಿದ್ದ ಬೋರ್ಡೇ ಇಲ್ಲ. ತಮ್ಮನೇ ಒಯ್ದನೆಂದು ಅಪ್ಪ ತೀರ್ಪು ಕೊಟ್ಟರು. ಕಾಕ ಕಂಪ್ಲಿಗೆ ಹೋಗಿ ಅಂಗಡಿ ಹಾಕಿದ. ಹನ್ನೆರಡು ವರ್ಷ ಅಣ್ಣತಮ್ಮ ಮುಖ ನೋಡಿಲ್ಲ. ಕಂಪ್ಲಿಯ ಅಕ್ಕಿ ಕೂಡ ನಮ್ಮ ಮನೆಗೆ ಬರುವಂತಿರಲಿಲ್ಲ! ಯುಗಾದಿಗೊಮ್ಮೆ ನಾನು ಕದ್ದು ಕಾಕನಿಗೆ ಫೋನ್ ಮಾಡುತ್ತಿದ್ದೆ. ಆಗೆಲ್ಲ ಅಪ್ಪನ ಹಟದ ಮೇಲೆ ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು.

ಬೋರ್ಡಿನ ಕೆಳಗಿನ ಚೀಟಿಯನ್ನು ಮಗಳು ಗಟ್ಟಿಯಾಗಿ ಓದಿದಳು: “ಹೊಸಪೇಟೆಯ ಚಿತ್ತವಾಡ್ಗಿಯ ಗುಜರಿ ಅಂಗಡಿಯಲ್ಲಿ ದೊರೆತದ್ದು.”

“ಕೇಳಿದ್ರೇನು? ಹೆತ್ತಪ್ಪನ ಹೆಸರು ಒಯ್ದು ಗುಜರಿಗೆ ಹಾಕ್ಯಾನ! ಮನುಷ್ಯಾನ ಅವ?” ಅಪ್ಪನ ದನಿ ಇಡೀ ಗೋದಾಮಿಗೆ ಕೇಳಿಸಿತು. ನನಗೆ ನಾಚಿಕೆಯೂ ಆಯಿತು, ಸಂಕಟವೂ ಆಯಿತು. ಇನ್ನು ಈ ಜನ್ಮದಲ್ಲಿ ಇವರಿಬ್ಬರು ಮಾತಾಡುವುದಿಲ್ಲ ಅನ್ನಿಸಿತು. ಅದೂ ನಾನು ಕರೆದುಕೊಂಡು ಬಂದು!

ಅವ್ವ ಗೋಡೆ ಹಿಡಿದು ಬೆಂಚಿನ ಮೇಲೆ ಕೂತಳು.

“ಅವನ್ನ ಬೈಬ್ಯಾಡ್ರಿ. ನಾನ ಹಾಕೀನಿ.”

ಅಪ್ಪ ತಿರುಗಿದರು.

“ಗುಜರಿಯವ ಬಂದಿದ್ದ. ಅವನ ಗಾಡಿ ಮ್ಯಾಲ ನಾನ ಇಡಿಸಿದೆ. ಬೋರ್ಡ್ ಇಲ್ಲಂದ್ರ ನಿಮ್ಮಿಬ್ರ ಜಗಳನೂ ಇರಂಗಿಲ್ಲ ಅನ್ಕೊಂಡೆ. ಹಿಂಗ ಆಗತೈತಿ ಅಂತ ಗೊತ್ತಿರಲಿಲ್ರಿ. ಮುಂದ ಹೇಳಾಕ ಬಾಯೇ ಬರಲಿಲ್ಲ.”

ಅಪ್ಪ ರೇಗಲಿಲ್ಲ. ಟವೆಲನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಅವ್ವ ನನ್ನ ಕಡೆ ನೋಡಿ, “ನಿನ್ ಹಂತ್ಯಾಕ ನಂಬರ್ ಐತೆಲ್ಲ, ಹಚ್ಚು,” ಎಂದಳು. ನನ್ನ ಕಳ್ಳತನವೂ ಅವಳಿಗೆ ಗೊತ್ತಿತ್ತೆಂದು ಆಗ ತಿಳಿಯಿತು.

ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಅವ್ವ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

“ನಂಗ ಗೊತ್ತೈತಿ ಅತ್ತಿಗಿ,” ಎಂದ ಕಾಕ. “ಅವತ್ತು ಮಾಳಿಗಿ ಮ್ಯಾಲ ಇದ್ದೆ, ನೋಡಿದ್ದೆ.”

“ಹಂಗಾರ ಯಾಕ ಹೇಳಲಿಲ್ಲೋ?” ಎಂದಳು ಅವ್ವ.

“ಹೇಳಿದ್ರ ಅಣ್ಣ ನಿನ್ ಮ್ಯಾಲ ಹರಿಹಾಯ್ತಿದ್ದ. ನಾ ಹೆಂಗೂ ಬ್ಯಾರೆ ಆಗಿದ್ದೆ. ನನ್ ಮ್ಯಾಲ ಇರಲಿ ಬಿಡು ಅಂದೆ.”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೂ ಅಳು ತಡೆಯಲಾಗಲಿಲ್ಲ. ಅಪ್ಪ ಬಂದು ಫೋನ್ ಕಸಿದುಕೊಂಡರು.

“ಲೇ, ಹನ್ನೆರಡು ವರ್ಷ ಸುಮ್ನ ಬೈಸ್ಕೊಂಡೆಲ್ಲೋ! ಬುದ್ಧಿ ಐತೇನು ನಿನಗ?”

“ನೀ ಬೈತಿ ಅಂತ ಮಂದಿ ಬಂದು ಹೇಳ್ತಿದ್ರು ಅಣ್ಣ,” ಎಂದ ಕಾಕ. “ಎದುರಿಗಿ ಬಂದು ಒಮ್ಮಿನಾದ್ರೂ ಬೈದಿ ಏನು? ದಿನಾ ದಾರಿ ನೋಡ್ದೆ.”

ಅಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಬೋರ್ಡಿನ ಕಡೆ ತಿರುಗಿಯೂ ನೋಡದೆ ಬಾಗಿಲ ಕಡೆ ನಡೆದರು.

“ಮನ್ಯಾಗ ಇರು,” ಎಂದರು ಫೋನಿನಲ್ಲಿ. “ಈಗ ಬಂದು ಬೈತೀನಿ.”